ಭಾಲ್ಕಿಯ ಉಸ್ತಾದರೂ ಎರಡು ಮೋಟಾರಿನ ವಿಮಾನವೂ

ಬೀದರದಲ್ಲಿ ಹುಟ್ಟಿ ಬೆಳೆದವರಿಗೆ ವಿಮಾನದ ಬೆರಗು ಇರುವುದಿಲ್ಲ. ಬೆಳಗಿನ ಚಹಾದ ಹೊತ್ತಿಗೆ ವಾಯುಪಡೆಯ ತರಬೇತಿಯ ವಿಮಾನಗಳು ಮಾಳಿಗೆಯ ಮೇಲೆ ಸುತ್ತು ಹಾಕಲು ಶುರು ಮಾಡುತ್ತವೆ. ನಾವು ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತೇವೆ, ಸದ್ದು ದಾಟಿ ಹೋದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತೇವೆ. ಊರಿಗೆ ಹೊಸದಾಗಿ ಬಂದ ಅಳಿಯಂದಿರು ಮಾತ್ರ ತಲೆ ಎತ್ತಿ ನೋಡುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನನ್ನ ವಿದ್ಯಾರ್ಥಿಗಳು ತಮಗೆ ಬಾರದ ಪ್ರಮೇಯಗಳನ್ನೆಲ್ಲ ಆ ಸದ್ದಿನ ತಲೆಗೆ ಕಟ್ಟುತ್ತಾ ಬಂದಿದ್ದಾರೆ. ‘ಅವತ್ತು ವಿಮಾನ ಹೋಗ್ತಿತ್ರಿ ಸರ್, ಕೇಳಸಲಿಲ್ಲ’ ಅನ್ನುತ್ತಾರೆ. ಅದನ್ನು ಅಲ್ಲಗಳೆಯುವ ಪುರಾವೆ ನನ್ನ ಹತ್ತಿರ ಎಂದೂ ಇರಲಿಲ್ಲ.

ಇಂಥ ಊರಿನಲ್ಲಿ ಐವತ್ತು ದಾಟಿದ ಮನುಷ್ಯ ಆಟಿಕೆಯ ವಿಮಾನ ಕಟ್ಟುತ್ತಾನೆ ಎಂದರೆ ಜನ ಏನೆನ್ನಬೇಕು? ‘ಮ್ಯಾಲ ಪುಕ್ಕಟೆ ಹಾರ್ತಾವ, ಕುತಗೊಂಡು ನೋಡ್ರಿ’ ಎಂದಳು ಹೆಂಡತಿ. ಆಟಿಕೆಯಲ್ಲ, ರಿಮೋಟಿನಿಂದ ಹಾರುವ ಮಾದರಿ ವಿಮಾನ ಎಂದು ನಾನು ತಿದ್ದಿದೆ. ‘ಅದನ್ನ ಹಾರಸೋರು ದೊಡ್ಡವರಾದ್ರ ಮಾದರಿ, ಸಣ್ಣವರಾದ್ರ ಆಟಕಿ. ಅಷ್ಟೇ ಫರಕ್’ ಎಂದಳು. ಅವಳ ತವರು ಔರಾದ ತಾಲೂಕಿನ ಚಿಂತಾಕಿ. ಆ ಕಡೆಯವರು ಮಾತನ್ನು ಸುತ್ತಿ ಕೊಡುವುದಿಲ್ಲ, ಬಿಚ್ಚಿಯೇ ಕೊಡುತ್ತಾರೆ.

ನಮ್ಮ ಊರಿನಲ್ಲಿ ಹಾರಿಸುವಂತೆಯೂ ಇರಲಿಲ್ಲ. ನಿಜವಾದ ವಿಮಾನಗಳು ಇರುವಲ್ಲಿ ಆಟದ ವಿಮಾನಗಳಿಗೆ ಜಾಗವಿಲ್ಲ. ಸರಕಾರದ ನಕಾಶೆಯಲ್ಲಿ ಬೀದರದ ಸುತ್ತ ಕೆಂಪು ಬಳಿದಿದ್ದಾರೆ. ಹಾಗಾಗಿ ನನ್ನ ಒಂದು ಮೋಟಾರಿನ ಥರ್ಮಾಕೋಲ್ ವಿಮಾನಗಳನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಚಿಂತಾಕಿಯಲ್ಲಿ, ಹೆಂಡತಿಯ ತಮ್ಮನ ಹೊಲದಲ್ಲಿ ಹಾರಿಸುತ್ತಿದ್ದೆ. ಹಾರಿಸುತ್ತಿದ್ದೆ ಎನ್ನುವುದು ಸ್ವಲ್ಪ ದೊಡ್ಡ ಮಾತು. ಮೊದಲನೆಯದು ಜೋಳದಲ್ಲಿ ಬಿತ್ತು, ಎರಡನೆಯದು ಬಾವಿಯಲ್ಲಿ.

ಎರಡು ಸಲ ಬಿದ್ದವನು ಮೂರನೆಯ ಸಲ ಸಣ್ಣದನ್ನು ಆರಿಸಬೇಕು. ನನಗೆ ಯುದ್ಧವಿಮಾನ ಬೇಕೆನಿಸಿತು, ಅದೂ ಒಂದಕ್ಕಿಂತ ಹೆಚ್ಚು ಎಂಜಿನಿನದು. ಹೆಂಡತಿಗೆ ಕಾರಣ ಹೇಳಿದೆ: ‘ಒಂದು ಮೋಟಾರ್ ಕೆಟ್ಟರೂ ಇನ್ನೊಂದರ ಮ್ಯಾಲ ಹಾರ್ತದ.’ ಇದು ದೊಡ್ಡ ವಿಮಾನದ ಮಟ್ಟಿಗೆ ಖರೆ. ಮಾದರಿಯಲ್ಲಿ ಎರಡರ ಪೈಕಿ ಒಂದು ನಿಂತರೆ ಅದು ಗಿರಕಿ ಹೊಡೆದು ಇನ್ನೂ ಬೇಗ ನೆಲಕ್ಕೆ ಬರುತ್ತದೆ. ಅದು ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಬೇಕಾದ್ದನ್ನು ಹೇಳದೆ ಬಿಡುವ ಈ ಗುಣ ಮುಂದೆ ಎಷ್ಟು ತುಟ್ಟಿಯಾಗುತ್ತದೆ ಎನ್ನುವುದು ಆಗ ಗೊತ್ತಿರಲಿಲ್ಲ.

ಆಯ್ಕೆ ಸುಲಭವಾಗಲಿಲ್ಲ. ಮೊದಲು ಮನಸ್ಸು ಹೋದದ್ದು ನಾಲ್ಕು ಎಂಜಿನಿನ ಬಾಂಬರ್ ಕಡೆಗೆ. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅದರ ನಕ್ಷೆ ಬರೆದೆ. ಒಂದು ರೆಕ್ಕೆ ಅಡುಗೆಮನೆಯ ಹೊಸ್ತಿಲು ಮುಟ್ಟಿತು, ಇನ್ನೊಂದು ಜಗುಲಿಯ ಬಾಗಿಲಿನಿಂದ ಹೊರಗೆ ಹೋಯಿತು. ಹೆಂಡತಿ ಎರಡು ದಿನ ಅದನ್ನು ದಾಟಿ ಓಡಾಡಿದಳು. ಮೂರನೆಯ ದಿನ ಅದರ ಮೇಲೆಯೇ ನೆಲ ಒರೆಸಿದಳು. ಯುದ್ಧದಲ್ಲಿ ಎಷ್ಟೋ ಗುಂಡು ತಿಂದು ಮರಳಿ ಬಂದಿದ್ದ ವಿಮಾನ ಒಂದು ಹಸಿ ಅರಿವೆಗೆ ಸೋತಿತು.

ಆಮೇಲೆ ಬುದ್ಧಿ ಬಂತು. ನಾನು ಕಟ್ಟುವ ವಿಮಾನ ಆಕಾಶಕ್ಕೆ ಹೊಂದುವುದಕ್ಕಿಂತ ಮೊದಲು ಔರಾದ ಬಸ್ಸಿಗೆ ಹೊಂದಬೇಕು. ಟೇಪು ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಹೋಗಿ, ನಿಂತಿದ್ದ ಬಸ್ಸಿನ ಹಿಂದಿನ ಸೀಟು, ಬಾಗಿಲು, ಮೇಲಿನ ಸಾಮಾನಿನ ಜಾಗ ಎಲ್ಲವನ್ನೂ ಅಳೆದು ಬರೆದುಕೊಂಡೆ. ಕಂಡಕ್ಟರು ಬಹಳ ಹೊತ್ತು ನೋಡಿ, ‘ಖರೀದಿ ಮಾಡೋರದೀರೇನ್ರಿ ಸರ್? ಟೈರ್ ಒಂದು ನೋಡಿ ತಗೋರಿ’ ಎಂದರು. ಆ ಅಳತೆಗೆ ಹೊಂದಿದ್ದು ಎರಡು ಎಂಜಿನಿನ ಮಸ್ಕಿಟೊ. ಪೂರ್ತಿ ಕಟ್ಟಿಗೆಯ ವಿಮಾನ. ಯುದ್ಧದ ಕಾಲದಲ್ಲಿ ಕುರ್ಚಿ ಮೇಜು ಮಾಡುವ ಬಡಗಿಗಳು ಅದನ್ನು ಕಟ್ಟಿದ್ದರು ಎಂದು ಓದಿದ್ದೆ. ನನ್ನದು ಐದು ಅಡಿಯ ರೆಕ್ಕೆ, ನಡುವೆ ಬಿಚ್ಚಿದರೆ ಎರಡು ತುಂಡು. ಹೆಸರಿನ ಅರ್ಥ ಸೊಳ್ಳೆ ಎಂದು ತಿಳಿದ ಮೇಲೆ ಸಹೋದ್ಯೋಗಿಗಳೆಲ್ಲ ಒಬ್ಬೊಬ್ಬರಾಗಿ ಬಂದು ಒಂದೇ ಮಾತು ಕೇಳಿದರು: ‘ಯಾಕ್ರಿ ಸರ್, ನಮ್ಮ ಓಣ್ಯಾಗ ಕಮ್ಮಿ ಅವ ಅಂತೇನು?’

ಕಟ್ಟಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಬಾಲ್ಸಾ ಎನ್ನುವ ಬಲು ಹಗುರ ಕಟ್ಟಿಗೆ ಅಂಚೆಯಲ್ಲಿ ಬಂತು. ರೆಕ್ಕೆಯೊಳಗಿನ ಪಕ್ಕೆಲುಬುಗಳನ್ನು ನಾನು ಬ್ಲೇಡಿನಿಂದ ಕೊಯ್ದೆ. ಒಂದೂ ಇನ್ನೊಂದರಂತೆ ಇರಲಿಲ್ಲ. ಹೆಂಡತಿ ಕುಪ್ಪಸ ಕತ್ತರಿಸುವವಳು. ಒಂದು ದಿನ ಬಂದು ನೋಡಿ, ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿಕೊಟ್ಟು ಹೋದಳು. ಅಲ್ಲಿಂದ ಮುಂದಿನವು ಸರಿಯಾದವು. ಮೇಲೆ ಹೊದಿಸುವ ತೆಳು ಹಾಳೆಯನ್ನು ಬಿಸಿ ಇಸ್ತ್ರಿಯಿಂದ ಬಿಗಿಯಬೇಕು. ಅದೂ ಅವಳ ಇಸ್ತ್ರಿ, ಕೊನೆಗೆ ಅವಳದೇ ಕೈ. ಬಂದವರಿಗೆಲ್ಲ ನಾನು ‘ನಾನೇ ಕಟ್ಟಿದ್ದು’ ಎಂದು ತೋರಿಸುವಾಗ ಅವಳು ಬಾಗಿಲಲ್ಲಿ ನಿಂತು ‘ಹೌದ್ರಿ, ನಾ ಬರೇ ನೋಡ್ಕೋತ ನಿಂತಿದ್ದೆ’ ಎನ್ನುತ್ತಿದ್ದಳು.

ಅನಾಹುತ ಮೇಜಿನ ಮೇಲೆಯೇ ಆಯಿತು. ಎರಡೂ ಮೋಟಾರುಗಳನ್ನು ಕೂಡಿಸಿ ಓಡಿಸಿ ನೋಡುವಾಗ ಕಿಟಕಿಯ ಪರದೆ ಬಲಗಡೆಯ ಪಂಖಕ್ಕೆ ಸುತ್ತಿಕೊಂಡಿತು. ಜಾಣನಾದವನು ಸ್ವಿಚ್ ಆರಿಸುತ್ತಾನೆ. ನಾನು ಬಿಡಿಸಿಕೊಂಡೀತೆಂದು ಇನ್ನಷ್ಟು ವೇಗ ಕೊಟ್ಟೆ. ಮೋಟಾರು ಕರಕಲು ವಾಸನೆ ಬಿಟ್ಟು ಸುಮ್ಮನಾಯಿತು. ಹೊಸದನ್ನು ತರಿಸಬೇಕೆಂದರೆ ಅಂಥದ್ದು ತಯಾರಾಗುವುದೇ ನಿಂತುಹೋಗಿದೆ ಎಂದು ಉತ್ತರ ಬಂತು. ಜೋಡಿಯಲ್ಲಿ ಒಂದು ಬೇರೆ ಜಾತಿಯದಾದರೆ ವೇಗ ಹೊಂದುವುದಿಲ್ಲ. ಸುಟ್ಟ ಸುರುಳಿಯನ್ನು ಬಿಚ್ಚಿ ಮತ್ತೆ ತಂತಿ ಸುತ್ತಿಸುವುದೊಂದೇ ದಾರಿ ಉಳಿಯಿತು.

ತಂತಿ ಸುತ್ತಿಸುವುದಾದರೆ ಭಾಲ್ಕಿ. ಅಲ್ಲಿ ಪೇಟೆಯ ಒಂದು ತಿರುವಿನಲ್ಲಿ ಉಸ್ತಾದರ ಅಂಗಡಿ. ಅರವತ್ತು ದಾಟಿದವರು, ಮೃದು ಮಾತಿನ ದಖ್ಖನಿ ಮನೆತನದವರು. ಬೋರಿನ ಮೋಟಾರು, ಫ್ಯಾನು, ಮಿಕ್ಸರು, ಕಬ್ಬಿನ ರಸದ ಯಂತ್ರ, ಎಲ್ಲದರ ಕರುಳನ್ನೂ ಬಿಚ್ಚಿ ಸುತ್ತಿದವರು. ಅವರು ಮೋಟಾರು ಪರೀಕ್ಷಿಸುವ ಕ್ರಮವನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಓಡುವ ಮೋಟಾರಿನ ಮೈಗೆ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚುವರು. ಒಂದು ಗಳಿಗೆ ಅಂಗಡಿಯೆಲ್ಲ ಉಸಿರು ಹಿಡಿಯುವುದು. ಆಮೇಲೆ ಕಣ್ಣು ತೆರೆದು ‘ಬರೋಬರ್’ ಎಂದರೆ ಮುಗಿಯಿತು. ಆ ಮೋಟಾರನ್ನು ರೈತ ಹೆಗಲ ಮೇಲೆ ಹೊತ್ತು ಹೊರಟ. ಗ್ಯಾರಂಟಿ ಚೀಟಿ ಅಂತ ಅವರು ಎಂದೂ ಕೊಟ್ಟವರಲ್ಲ. ಆ ಒಂದು ಶಬ್ದವೇ ಚೀಟಿ.

ಗಿರಾಕಿಗಳೆಲ್ಲ ಅವರ ಎಡಗಡೆಗೇ ಬಂದು ನಿಂತು, ಸ್ವಲ್ಪ ಬಾಗಿ, ದೊಡ್ಡ ದನಿಯಲ್ಲಿ ಮಾತನಾಡುವುದನ್ನು ಕಂಡಿದ್ದೆ. ಹಿರಿಯರಿಗೆ ಕೊಡುವ ಮರ್ಯಾದೆ ಇರಬೇಕೆಂದುಕೊಂಡು ನಾನೂ ಎಡಗಡೆಗೇ ನಿಂತು ಬಾಗುತ್ತಿದ್ದೆ. ಗಣಿತದ ಮಾಸ್ತರನಿಗೆ ಎರಡಕ್ಕೆ ಎರಡು ಕೂಡಿಸಲು ಇಷ್ಟು ಕಾಲ ಹಿಡಿಯಬಾರದಿತ್ತು.

ನನ್ನ ಮೋಟಾರನ್ನು ಅಂಗೈಯಲ್ಲಿಟ್ಟುಕೊಂಡು ಅವರು ನಕ್ಕರು. ‘ಇದು ಮೋಟಾರೇನ್ರಿ ಮಾಸ್ತರ್ ಸಾಬ್, ಝುಮಕಿಯೇನ್ರಿ?’

‘ಆಗ್ತದೇನ್ರಿ ಉಸ್ತಾದ್?’

‘ಆನೆಗೂ ಅದೇ ಜೀವ, ಇರುವಿಗೂ ಅದೇ ಜೀವ. ಆಗದೇ ಏನು. ಹತ್ತು ದಿನ ಬಿಟ್ಟು ಬರ್ರಿ.’

ಹತ್ತು ದಿನ ಬಿಟ್ಟು ಹೋದೆ. ಮೋಟಾರಿನೊಳಗೆ ಹನ್ನೆರಡು ಹಲ್ಲುಗಳ ಪುಟ್ಟ ಚಕ್ರ, ಒಂದೊಂದು ಹಲ್ಲಿಗೂ ಕೂದಲಂಥ ತಂತಿಯ ಸುತ್ತು. ಗಡಿಯಾರ ರಿಪೇರಿಯ ಭೂತಗನ್ನಡಿ ಕಟ್ಟಿಕೊಂಡು ಸುತ್ತಿದ್ದರಂತೆ. ನೋಡಿದರೆ ಅಕ್ಕಸಾಲಿಗನ ಕೆಲಸ. ಎರಡೂ ಮೋಟಾರುಗಳನ್ನು ಹಲಗೆಗೆ ಬಿಗಿದು ಪಂಖ ಹಾಕಿ ಓಡಿಸಿದೆವು. ಉಸ್ತಾದರು ಸ್ಕ್ರೂ ಡ್ರೈವರು ಹಚ್ಚಿ ಕಣ್ಣು ಮುಚ್ಚಿದರು.

ಎರಡು ಮೋಟಾರು ಒಂದೇ ವೇಗದಲ್ಲಿ ತಿರುಗಿದರೆ ಸದ್ದು ಒಂದೇ ಗೆರೆಯಲ್ಲಿ ಹರಿಯುತ್ತದೆ. ಒಂದು ಹಿಂದೆ ಬಿದ್ದರೆ ಸದ್ದು ಏರಿ ಇಳಿಯುತ್ತದೆ, ತೊಟ್ಟಿಲು ತೂಗಿದ ಹಾಗೆ ವೋಂವ್, ವೋಂವ್ ಎಂದು. ನನ್ನ ಕಿವಿಗೆ ತೊಟ್ಟಿಲು ಸ್ಪಷ್ಟವಾಗಿ ಕೇಳಿಸುತ್ತಿತ್ತು.

‘ಬರೋಬರ್’ ಎಂದರು ಉಸ್ತಾದರು.

ಅಂಗಡಿಯಲ್ಲಿ ಐದಾರು ಜನ ರೈತರಿದ್ದರು. ಒಬ್ಬರು ಚಹಾದ ಬಟ್ಟಲಿನ ತಳ ನೋಡುತ್ತಿದ್ದರು, ಇನ್ನೊಬ್ಬರು ಮಾಳಿಗೆಯ ತೊಲೆ ಎಣಿಸುತ್ತಿದ್ದರು. ಗಿರಾಕಿಗಳು ಎಡಗಡೆಗೇ ನಿಲ್ಲುವ ಕಾರಣ ನನಗೆ ಆಗ ಹೊಳೆಯಿತು. ಉಸ್ತಾದರು ನನ್ನ ಮುಖ ನೋಡಿದರು. ನಾನು ಬಾಗಿ, ಎಡಗಡೆಯಿಂದ, ದೊಡ್ಡ ದನಿಯಲ್ಲಿ ‘ಏಕದಂ ಬರೋಬರ್ ಅದ್ರಿ ಉಸ್ತಾದ್’ ಎಂದೆ.

ನಮ್ಮ ಬೀದರದವರ ಈ ಅದಬಿನ, ಅಂದರೆ ಸಭ್ಯತೆಯ, ಬಗ್ಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಎದುರಿನವರ ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಆರೋಗ್ಯ ಕೇಳಿ, ಮಕ್ಕಳ ಓದು ಕೇಳಿ, ಚಹಾ ಬ್ಯಾಡ ಬ್ಯಾಡ ಎಂದು ಕುಡಿದು, ಏಳುವಾಗ ಬಾಗಿಲಲ್ಲಿ ‘ಸ್ವಲ್ಪ ಹೊಗಿ ಕಂಡಂಗ ಆಯ್ತು ನೋಡ್ರಿ’ ಎನ್ನುತ್ತೇವೆ. ಇದಕ್ಕೆ ಜಾತಿ ಧರ್ಮದ ಭೇದವಿಲ್ಲ. ಎಲ್ಲರೂ ಸಮಾನವಾಗಿ ಸುಳ್ಳು ಹೇಳುತ್ತೇವೆ, ಎಲ್ಲರೂ ಕೈಮುಗಿದು ಹೇಳುತ್ತೇವೆ.

ಮನೆಗೆ ಬಂದು, ಪಂಖದ ಸುತ್ತು ಎಣಿಸುವ ಸಣ್ಣ ಮೀಟರಿನಿಂದ ಅಳೆದೆ. ಅದು ಆ ದಿನ ನನ್ನ ಚೀಲದಲ್ಲಿಯೇ ಇತ್ತು. ಉಸ್ತಾದರ ಮುಂದೆ ತೆಗೆದರೆ ಅವಮಾನವಾದೀತೆಂದು ತೆಗೆದಿರಲಿಲ್ಲ. ಬಲಗಡೆಯ ಮೋಟಾರು ನಿಧಾನವಿತ್ತು. ಮರುದಿನ ಮತ್ತೆ ಅಳೆದೆ. ರಾತ್ರಿ ಕಳೆದ ಮಾತ್ರಕ್ಕೆ ಅದು ಸುಧಾರಿಸಿರಲಿಲ್ಲ.

‘ಅವರಿಗೆ ಹೇಳ್ರಿ’ ಎಂದಳು ಹೆಂಡತಿ.

‘ಹ್ಯಾಂಗ ಹೇಳೋದು? ಅಷ್ಟು ದೊಡ್ಡ ಮನಶಾ.’

‘ಬಾಯಿಲೆ ಹೇಳೋದು. ಮತ್ತ ಹ್ಯಾಂಗ ಹೇಳ್ತಾರ?’

ನಾನು ಗಣಿತಕ್ಕೆ ಶರಣಾದೆ. ಬಲಗಡೆಯ ಎಳೆತ ಕಡಿಮೆಯಾದರೆ ವಿಮಾನ ಬಲಕ್ಕೆ ತಿರುಗುತ್ತದೆ. ಬಾಲದ ಚುಕ್ಕಾಣಿಯನ್ನು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ವಾಲಿಸಿ ಬಿಗಿದುಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಮೋಟಾರಿನ ತಪ್ಪು ಉಳಿಯುತ್ತದೆ, ಉಸ್ತಾದರ ಮಾತೂ ಉಳಿಯುತ್ತದೆ, ಬಾಲವೊಂದು ಸೊಟ್ಟಗಿರುತ್ತದೆ. ಈ ಉಪಾಯಕ್ಕೆ ನನ್ನನ್ನು ನಾನೇ ಮೆಚ್ಚಿಕೊಂಡೆ.

ತೊಗರಿ ರಾಶಿ ಮುಗಿದ ಮೇಲೆ ಹಾರಿಸುವ ದಿನ ಗೊತ್ತಾಯಿತು. ಹೆಂಡತಿಯ ತಮ್ಮ ಉತ್ಸಾಹಿ. ಎರೆ ಹೊಲದ ಬಿರುಕುಗಳಲ್ಲಿ ಚಕ್ರ ಸಿಕ್ಕಿಬಿದ್ದೀತೆಂದು ಅವನು ಹೊಲದ ಒಂದು ಅಂಚಿನಲ್ಲಿ ಉದ್ದಕ್ಕೆ ನೀರು ಹೊಡೆದು, ಕಲ್ಲಿನ ರೂಲು ಹಾಯಿಸಿ, ಕಣ ಸಾರಿಸಿದಂತೆ ಸಗಣಿಯಿಂದ ಸಾರಿಸಿಬಿಟ್ಟಿದ್ದ. ಇಂಥ ರನ್‌ವೇ ಯಾವ ದೇಶದ ವಾಯುಪಡೆಗೂ ಸಿಕ್ಕಿರಲಿಕ್ಕಿಲ್ಲ. ನಾನು ವಿಮಾನ ಹಿಡಿದು ಕಾಲಿಡಬೇಕು, ಅವನು ಅಡ್ಡ ಬಂದ. ‘ಮಾಮಾ, ಚಪ್ಲಿ ಬಿಡ್ರಿ. ಕಣ ಅದು.’ ರಾಶಿಯ ಕಣಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವ ರೂಢಿ ನಮ್ಮಲ್ಲಿಲ್ಲ. ಹೀಗೆ ಎರಡು ಎಂಜಿನಿನ ಯುದ್ಧವಿಮಾನದ ಪೈಲಟ್ಟು ಬರಿಗಾಲಿನಲ್ಲಿ ನಿಂತ.

ಉಸ್ತಾದರು ಭಾಲ್ಕಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಹಬ್ಬದ ಶೇರ್ವಾನಿ ಹಾಕಿಕೊಂಡಿದ್ದರು. ನಲವತ್ತು ವರ್ಷ ಅವರು ಸುತ್ತಿದ ಮೋಟಾರುಗಳೆಲ್ಲ ಬಾವಿಗೋ ಬೋರಿಗೋ ಇಳಿದಿದ್ದವಂತೆ. ‘ನನ್ನ ಕೈಯ ಮೋಟಾರ್ ಮ್ಯಾಲ ಹೋಗೋದು ಇದೇ ಪೈಲಾ ಸಲ’ ಎಂದು ಹೆಂಡತಿಗೆ ಹೇಳುತ್ತಿದ್ದರು. ಅವರೂ ಬೂಟು ಬಿಚ್ಚಿಟ್ಟು ಕಣಕ್ಕೆ ಬಂದರು. ವಿಮಾನದ ಸುತ್ತ ಒಂದು ಸುತ್ತು ಹಾಕಿ, ಹಿಂದೆ ನಿಂತು, ತಲೆ ಓರೆ ಮಾಡಿದರು.

‘ಮಾಸ್ತರ್ ಸಾಬ್, ಬಾಲ ಸೊಟ್ಟ ಅದಲ್ಲ?’

ಈಗ ನಾನು ಹೇಳಬಹುದಿತ್ತು. ಬಾಲ ಯಾಕೆ ಸೊಟ್ಟ ಎಂದು ಹೇಳಬೇಕಾದರೆ ಬಲಗಡೆಯ ಮೋಟಾರು ನಿಧಾನ ಎನ್ನಬೇಕು. ಅದನ್ನು ಹೇಳಬೇಕಾದರೆ ನಿಮ್ಮ ಕಿವಿ ಹೋಗಿದೆ ಎನ್ನಬೇಕು. ಶೇರ್ವಾನಿ ಹಾಕಿಕೊಂಡು ಬಂದ ಮನುಷ್ಯನಿಗೆ.

‘ಹೌದಲ್ರಿ! ಮರ್ತೇಬಿಟ್ಟಿದ್ದೆ’ ಎಂದು ಬಗ್ಗಿ, ನನ್ನ ಕೈಯಾರೆ, ಬಾಲವನ್ನು ನೆಟ್ಟಗೆ ಮಾಡಿದೆ. ಹೆಂಡತಿ ಹಣೆಗೆ ಕೈ ಹಚ್ಚಿಕೊಂಡದ್ದು ಕಣ್ಣಂಚಿನಲ್ಲಿ ಕಂಡಿತು.

ವಿಮಾನ ಚೆನ್ನಾಗಿಯೇ ಓಡಿತು. ಸಗಣಿಯ ಮೇಲೆ ಅದರ ನೆರಳು ಓಡಿತು, ಬಾಲ ಎತ್ತಿತು, ಚಕ್ರ ನೆಲ ಬಿಟ್ಟಿತು. ಉಸ್ತಾದರು ಎರಡೂ ಕೈ ಎತ್ತಿದರು. ಆಳೆತ್ತರ ಏರುತ್ತಲೇ ಅದು ಬಲಕ್ಕೆ ಹೊರಳತೊಡಗಿತು. ನಾನು ಎಡಕ್ಕೆ ಒತ್ತಿದೆ. ಗಾಬರಿಯಲ್ಲಿ ಇನ್ನಷ್ಟು ವೇಗವನ್ನೂ ಕೊಟ್ಟೆ. ಪರದೆ ಸುತ್ತಿಕೊಂಡಾಗ ಮಾಡಿದ್ದೇ ತಪ್ಪು; ವೇಗ ಹೆಚ್ಚಾದಷ್ಟೂ ಎರಡು ಮೋಟಾರಿನ ಅಂತರವೂ ಹೆಚ್ಚಾಯಿತು. ಬಲ ರೆಕ್ಕೆ ತಗ್ಗಿತು, ವಿಮಾನ ಮಗುಚಿ ತೊಗರಿ ಕಟ್ಟಿಗೆಯ ಬಣವೆಗೆ ಹೋಗಿ ಹೊಕ್ಕಿತು. ಮಳೆಗಾಲವಿಡೀ ಕಟ್ಟಿದ್ದು ಮುರಿಯಲು ಹತ್ತು ಎಣಿಸುವಷ್ಟು ಹೊತ್ತೂ ಬೇಕಾಗಲಿಲ್ಲ.

ಉಸ್ತಾದರೇ ಮೊದಲು ಹೋಗಿ, ಬಣವೆಯಿಂದ ಬಲ ರೆಕ್ಕೆ ಎಳೆದು, ಮೋಟಾರನ್ನು ಬೆರಳಿನಿಂದ ತಿರುಗಿಸಿ ನೋಡಿದರು. ‘ಮೋಟಾರಿಗೆ ಏನೂ ಆಗಿಲ್ಲ. ಬಿದ್ದದ್ದು ಯಾಕ?’

‘ಗಾಳಿ ಬಂತು ಕಾಣ್ತದ್ರಿ’ ಎಂದೆ ನಾನು. ಎಲೆ ಅಲುಗುತ್ತಿರಲಿಲ್ಲ.

ಹೆಂಡತಿ ಅವರ ಎಡಗಡೆಗೆ ಹೋಗಲಿಲ್ಲ. ಎದುರಿಗೇ ನಿಂತು ಹೇಳಿದಳು. ‘ಗಾಳಿ ಇಲ್ಲ ಏನಿಲ್ಲ ಚಾಚಾ. ನೀವು ಸುತ್ತಿದ ಮೋಟಾರ್ ನಿಧಾನ ತಿರಗ್ತದ. ಇವರು ಮನ್ಯಾಗ ಎರಡು ಸಲ ಅಳದಾರ. ಅದಕ್ಕಂತೇ ಬಾಲ ಸೊಟ್ಟ ಮಾಡಿ ಇಟ್ಟಿದ್ರು. ನಿಮಗ ಹೇಳಲಿಕ್ಕೆ ಇವರಿಗೆ ಬಾಯಿ ಬರಲಿಲ್ಲ.’

ನನಗೆ ಆ ಬಣವೆಯೊಳಗೇ ಹೊಕ್ಕುಬಿಡೋಣ ಅನ್ನಿಸಿತು. ಉಸ್ತಾದರು ನನ್ನ ಕಡೆ ತಿರುಗಿದರು. ‘ಖರೆ ಏನ್ರಿ?’

‘ಖರೆ ಅದ್ರಿ.’

‘ಅಂಗಡ್ಯಾಗ ನಿಮಗ ಕೇಳಸಿತ್ತಾ?’

‘ಕೇಳಸಿತ್ರಿ.’

‘ಅಲ್ಲಿ ಇದ್ದ ಮಂದಿಗೆ?’

ನಾನು ಬಗ್ಗಿ ಮುರಿದ ಪಕ್ಕೆಲುಬುಗಳನ್ನು ಆರಿಸತೊಡಗಿದೆ. ಅವರು ಮೋಟಾರನ್ನು ರೆಕ್ಕೆಯಿಂದ ಬಿಚ್ಚಿ ಶೇರ್ವಾನಿಯ ಕಿಸೆಗೆ ಹಾಕಿಕೊಂಡು ಕಣದ ಅಂಚಿನಲ್ಲಿ ಕುಳಿತರು. ‘ಎರಡು ವರ್ಷ ಆಯ್ತು, ಕಿವಿ ಹಿಂದ ಬಿದ್ದದ. ನನಗ ಗೊತ್ತದ. ಮಂದಿಗೆ ಗೊತ್ತಿಲ್ಲ ಅಂತ ತಿಳದಿದ್ದೆ. ಕೆಲಸ ಕಮ್ಮಿ ಆಯ್ತು, ಹೊಸ ಅಂಗಡಿ ಬಂದಾವ, ಅದಕ್ಕೇ ಕಮ್ಮಿ ಆಯ್ತು ಅಂದ್ಕೊಂಡೆ. ಒಬ್ಬರೂ ಒಂದ್ ಮೋಟಾರ್ ವಾಪಸ್ ತರಲಿಲ್ಲ. ವಾಪಸ್ ಬರಲಿಲ್ಲ ಅಂದ್ರ ಬರೋಬರ್ ಅದ ಅಂತ ಅಲ್ಲೇನ್ರಿ?’ ಕಿಸೆಯ ಮೋಟಾರನ್ನು ಮುಟ್ಟಿ ನೋಡಿ ಮತ್ತೆ ಹೇಳಿದರು. ‘ಸುತ್ತಿನ ಎಣಿಕಿ ತಪ್ಪೋದು ಎಲ್ಲರದೂ ತಪ್ತದ ಮಾಸ್ತರ್ ಸಾಬ್. ಮೊದಲ ಕಿವಿ ಹಿಡಿತಿತ್ತು. ಈಗ ನೀವಾದ್ರೂ ಹಿಡೀಬೇಕಿತ್ತು.’

ಬಯ್ದಿದ್ದರೆ ತಾಳಿಕೊಳ್ಳುತ್ತಿದ್ದೆ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಮರ್ಯಾದೆ ಕೊಡುತ್ತೇವೆಂದುಕೊಂಡು ನಾವೆಲ್ಲ ಸೇರಿ ಒಬ್ಬ ಕೆಲಸಗಾರನಿಗೆ ಅವನ ಕೆಲಸದ ಸುದ್ದಿಯನ್ನೇ ಮುಟ್ಟಿಸದೆ ಇಟ್ಟಿದ್ದೆವು. ಕೆಟ್ಟ ಮೋಟಾರುಗಳನ್ನು ರೈತರು ಸದ್ದಿಲ್ಲದೆ ಬೇರೆ ಅಂಗಡಿಗೆ ಒಯ್ದರು. ಉಸ್ತಾದರ ಮುಂದೆ ಹಾಯುವಾಗ ಮಾತ್ರ ಕೈಯೆತ್ತಿ ಸಲಾಂ ಮಾಡಿದರು. ಇನ್ನು ಒಂದೆರಡು ವರ್ಷ ಹೀಗೇ ನಡೆದಿದ್ದರೆ ಅಂಗಡಿ ಮುಚ್ಚುತ್ತಿತ್ತು, ಆಗಲೂ ನಾವು ಯಾರೂ ಕಾರಣ ಹೇಳುತ್ತಿರಲಿಲ್ಲ.

ನಾನು ಮತ್ತೆ ಪಕ್ಕೆಲುಬು ಕೊಯ್ಯಲು ಕುಳಿತೆ. ಅಚ್ಚು ಇತ್ತು, ಹೆಂಡತಿಯೂ ಇದ್ದಳು. ಭಾಲ್ಕಿಯ ಕಡೆ ಮೋರೆ ಹಾಕಲು ಧೈರ್ಯ ಬರಲಿಲ್ಲ. ಮೂರು ವಾರದ ಮೇಲೆ ಅವರದೇ ಫೋನ್ ಬಂತು: ‘ನಾನು ಮಾತಾಡ್ತೇನಿ, ನೀವು ಬರೇ ಹೂಂ ಅನ್ರಿ, ನಿಮ್ಮ ಮಾತು ನನಗ ತಿಳಿಯಂಗಿಲ್ಲ. ಆಯಿತವಾರ ಬರ್ರಿ. ಆ ಅಳತಿ ಮೀಟರ್, ಎಡಗಡಿ ಮೋಟಾರ್ ಎರಡೂ ತರ್ರಿ.’ ಹೂಂ ಎಂದೆ.

ಭಾನುವಾರ ಅಂಗಡಿ ತುಂಬಿತ್ತು. ಬೇಕೆಂದೇ ಸಂತೆಯ ಹೊತ್ತಿಗೆ ಕರೆದಿದ್ದರು ಎಂದು ಈಗ ನನಗೆ ಅನ್ನಿಸುತ್ತದೆ. ಹಳೆಯ ಸುತ್ತನ್ನು ಬಿಚ್ಚಿ ನೋಡಿದಾಗ ಮೂರು ಹಲ್ಲುಗಳಿಗೆ ಒಂದೊಂದು ಸುತ್ತು ಹೆಚ್ಚಾಗಿತ್ತಂತೆ. ಅದನ್ನು ಗಿರಾಕಿಗಳ ಮುಂದೆಯೇ ಹೇಳಿದರು. ಹೊಸದಾಗಿ ಸುತ್ತಿದ್ದರು. ಹಲಗೆಗೆ ಎರಡೂ ಮೋಟಾರು ಬಿಗಿದು ಓಡಿಸಿದೆವು. ಈ ಸಲ ಅವರು ಸ್ಕ್ರೂ ಡ್ರೈವರು ಮುಟ್ಟಲಿಲ್ಲ. ಎರಡು ಕೈಗಳ ನಡುಬೆರಳನ್ನು ಎರಡು ಮೋಟಾರಿನ ಬುಡಕ್ಕೆ ಹಚ್ಚಿ ನಿಂತರು. ‘ನನ್ನ ಬೆರಳು ಬರೋಬರ್ ಅದ ಅಂತದ. ನಿಮ್ಮ ಕಿವಿ ಏನಂತದ?’

ತೊಟ್ಟಿಲು ಬಹುತೇಕ ನಿಂತಿತ್ತು. ಆದರೆ ಪೂರ್ತಿ ನಿಂತಿರಲಿಲ್ಲ. ತುಂಬ ನಿಧಾನವಾಗಿ, ಒಮ್ಮೆ, ಇನ್ನೊಮ್ಮೆ ತೂಗುತ್ತಿತ್ತು. ಹಾರಲು ಅಷ್ಟು ಸಾಕು ಎಂದು ನನಗೆ ಗೊತ್ತಿತ್ತು. ಚಹಾದ ಬಟ್ಟಲುಗಳು ಎಲ್ಲರ ಕೈಯಲ್ಲಿ ನಿಂತಿದ್ದವು. ಇಪ್ಪತ್ತಾರು ವರ್ಷ ಮಕ್ಕಳ ಹಾಳೆಯ ಮೇಲೆ ಕೆಂಪು ಗೆರೆ ಎಳೆದವನಿಗೆ ಒಂದು ‘ಇಲ್ಲ’ ಇಷ್ಟು ಭಾರವಾದೀತೆಂದು ತಿಳಿದಿರಲಿಲ್ಲ.

‘ಇಲ್ರಿ ಉಸ್ತಾದ್’ ಎಂದೆ. ‘ಬಲಗಡಿದು ಇನ್ನೂ ಸ್ವಲ್ಪ ಹಿಂದ ಅದ.’

ಅಂಗಡಿಯಲ್ಲಿ ಯಾರೋ ನಾಲಿಗೆ ಲೊಚಗುಟ್ಟಿದರು. ಉಸ್ತಾದರು ಬೆರಳನ್ನು ತೆಗೆಯದೆ ಹಾಗೇ ನಿಂತು, ಕಣ್ಣು ಮುಚ್ಚಿ, ನಾನು ಹೇಳಿದ ಆ ‘ಸ್ವಲ್ಪ’ವನ್ನು ಬೆರಳ ತುದಿಯಲ್ಲಿ ಹುಡುಕಿದರು. ಆಮೇಲೆ ಅವರ ಮುಖ ಸಡಿಲಾಯಿತು. ‘ಅದ’ ಎಂದರು. ‘ಸಿಕ್ತು. ಹೂಂ, ಅದ.’ ನಾನು ತಂದಿದ್ದ ಮೀಟರೂ ಅದನ್ನೇ ತೋರಿಸಿತು. ಮೋಟಾರನ್ನು ಬಿಚ್ಚಿ, ಭೂತಗನ್ನಡಿ ಕಟ್ಟಿಕೊಂಡು, ನನಗೆ ಚಹಾ ಹೇಳಿ ಕುಳಿತುಬಿಟ್ಟರು.

ಆಗ ಗೋಡೆಗೆ ಆತು ನಿಂತಿದ್ದ, ಕಮಠಾಣದಿಂದ ಬಂದಿದ್ದ ರೈತರೊಬ್ಬರು ತಲೆಯ ಪಟಗ ಸರಿ ಮಾಡಿಕೊಂಡರು. ಎಡಗಡೆಗೆ ಬಂದರು, ಬಾಗಿದರು, ಆಮೇಲೆ ಏನನಿಸಿತೋ ನೆಟ್ಟಗಾಗಿ ಎದುರಿಗೇ ನಿಂತರು. ‘ಉಸ್ತಾದ್... ಹೋದ ಬ್ಯಾಸಿಗ್ಯಾಗ ನೀವು ಮಾಡಿಕೊಟ್ಟ ನನ್ನ ಬೋರಿನ ಮೋಟಾರೂ ಸ್ವಲ್ಪ ಗುರ್ ಅಂತಿತ್ರಿ. ಬೇಜಾರ ಮಾಡ್ಕೋಬ್ಯಾಡ್ರಿ.’

‘ಯಾರ ಹತ್ರ ಒಯ್ದ್ರಿ?’

‘ಯಾರ ಹತ್ರನೂ ಒಯ್ಲಿಲ್ರಿ. ಮನ್ಯಾಗೇ ಬಿದ್ದದ.’

‘ತಗೊಂಡು ಬರ್ರಿ’ ಎಂದರು ಉಸ್ತಾದರು, ತಂತಿಯಿಂದ ತಲೆ ಎತ್ತದೆ.

ನನ್ನ ವಿಮಾನ ಹೋಳಿಯ ಹಿಂದಿನ ವಾರ ಚಿಂತಾಕಿಯಲ್ಲಿ ಹಾರಿತು. ನಾಲ್ಕು ಸುತ್ತು ಹಾಕಿ, ಬಾಲ ನೆಟ್ಟಗಿಟ್ಟುಕೊಂಡು, ಸದ್ದು ಒಂದೇ ಗೆರೆಯಲ್ಲಿ. ಇಳಿಸುವಾಗ ನಾನು ಅದರ ಮೂತಿ ಮುರಿದೆ, ಅದು ಬೇರೆ ಮಾತು. ಉಸ್ತಾದರು ಬರಲಿಲ್ಲ. ಅಷ್ಟು ಒತ್ತಾಯ ಮಾಡಿದ್ದೆ, ಬರುತ್ತೇನೆ ಎಂದೂ ಅಂದಿದ್ದರು. ಸ್ವಲ್ಪ ಮುನಿಸಿನಿಂದಲೇ ಮರುದಿನ ಭಾಲ್ಕಿಗೆ ಹೋದೆ.

ಅಂಗಡಿಯ ಮುಂದೆ ರಸ್ತೆಯವರೆಗೆ ಮೋಟಾರುಗಳು ಸಾಲಾಗಿ ನಿಂತಿದ್ದವು. ಕೆಸರು ಮೆತ್ತಿದವು, ತುಕ್ಕು ಹಿಡಿದವು. ಒಂದೊಂದಕ್ಕೂ ಊರಿನ ಹೆಸರು ಬರೆದ ಚೀಟಿ. ವಿಮಾನ ಹಾರಿತು ಎಂದು ನಾನು ಎದುರಿಗೆ ನಿಂತು ಕೂಗಿ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಕೈಯಲ್ಲಿದ್ದ ತಂತಿಯಿಂದ ಆ ಸಾಲನ್ನು ತೋರಿಸಿದರು.

‘ಹನ್ನೊಂದು ವಾಪಸ್ ಬಂದಾವ ಮಾಸ್ತರ್ ಸಾಬ್. ಎಲ್ಲಾ ನನ್ನ ತಪ್ಪೇ. ಬಯ್ಯಲಿಕ್ಕೆ ಇನ್ನೂ ಮಂದಿ ಬರಾಕತ್ತಾರ. ನನಗೆಲ್ಲಿ ಪುರಸತ್ತು, ಹೇಳ್ರಿ?’

ತನ್ನ ಮೇಲಿನ ದೂರನ್ನು ಇಷ್ಟು ಖುಷಿಯಿಂದ ಎಣಿಸಿ ತೋರಿಸಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.